ಹತ್ತು ನಿಮಿಷ ಓಡಿ ತಡವರಿಸುವ ಹಳೆಯ ಗ್ರಾಫಿಕ್ಸ್ ಕಾರ್ಡ್

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಎನ್‌ವಿಡಿಯಾದ 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಇದೆ. ತಗೊಂಡಾಗ ಆಟಗಳೆಲ್ಲ ಸಲೀಸಾಗಿ ಓಡುತ್ತಿದ್ದವು. ಈಗ ಶುರುವಾದ ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ತಡವರಿಸುತ್ತದೆ. ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಹೊಸದು ಕೊಳ್ಳುವಷ್ಟು ಹಣ ಸದ್ಯಕ್ಕಿಲ್ಲ. ಕಾರ್ಡಿನ ಆಯಸ್ಸು ಮುಗಿಯಿತಾ?

ಉತ್ತರ: ಮುಗಿದಿಲ್ಲ ಅಂತಲೇ ನನಗನ್ನಿಸುತ್ತದೆ. ಸುಳಿವು ನಿಮ್ಮ ಪತ್ರದಲ್ಲೇ ಇದೆ. ‘ಹತ್ತು ನಿಮಿಷ ಚೆನ್ನಾಗಿರುತ್ತದೆ’ ಎಂದಿದ್ದೀರಿ, ಅಲ್ವಾ? ವಯಸ್ಸಾಯಿತು ಅಂತ ಚಿಪ್ ನಿಧಾನವಾಗುವುದಿಲ್ಲ. ಅದು ನಿಜವಾಗಿ ಕೆಡುತ್ತಿದ್ದರೆ ಪರದೆಯ ಮೇಲೆ ಬಣ್ಣದ ಚೌಕಗಳು, ಗೆರೆಗಳು ಕಾಣಿಸುತ್ತವೆ, ಇಲ್ಲವೇ ಕಂಪ್ಯೂಟರ್ ಆಟದ ನಡುವೆ ತಾನಾಗಿಯೇ ಆಫ್ ಆಗುತ್ತದೆ. ಹತ್ತು ನಿಮಿಷ ಆದಮೇಲೆ ತೊಂದರೆ ಬರುತ್ತದೆ ಎಂದರೆ ಕಾರ್ಡ್ ಕಾದು ಕೆಂಡವಾಗುತ್ತಿದೆ ಎಂದರ್ಥ.

ಈ ಕಾರ್ಡ್ ಬಂದದ್ದು 2016ರಲ್ಲಿ. ಆ ಪೀಳಿಗೆಯ ಕಾರ್ಡ್‌ಗಳು ಬಿಸಿ ಹೆಚ್ಚಿದಂತೆ ತಮ್ಮ ವೇಗವನ್ನು ತಾವೇ ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳುತ್ತವೆ. ಸಾಮಾನ್ಯವಾಗಿ 83 ಡಿಗ್ರಿ ಹತ್ತಿರ ಬಂತೆಂದರೆ ಇನ್ನೂ ಜೋರಾಗಿ ಇಳಿಸುತ್ತವೆ. ಸುಟ್ಟುಹೋಗದಿರಲು ಇರುವ ವ್ಯವಸ್ಥೆ ಅದು. ಮೊದಲು ಇದನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಆಟದ ಮೂಲೆಯಲ್ಲೇ ಬಿಸಿ, ಚಿಪ್ ಓಡುತ್ತಿರುವ ವೇಗ (ಕ್ಲಾಕ್), ಕಾರ್ಡ್ ಎಷ್ಟು ಪರ್ಸೆಂಟ್ ಕೆಲಸ ಮಾಡುತ್ತಿದೆ ಎಲ್ಲವೂ ಕಾಣುತ್ತವೆ. ಇಪ್ಪತ್ತು ನಿಮಿಷ ಆಡಿ. ಶುರುವಿನಲ್ಲಿ 1,800 ಮೆಗಾಹರ್ಟ್ಸ್ ಆಸುಪಾಸು ಇದ್ದ ವೇಗ, ಬಿಸಿ 80 ದಾಟುತ್ತಿದ್ದಂತೆ ಕುಸಿಯುತ್ತಾ ಬಂದರೆ ಕಾರಣ ಸಿಕ್ಕಂತೆಯೇ.

ಈಗ ಕೆಲಸಕ್ಕೆ ಇಳಿಯೋಣ. ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕಾರ್ಡನ್ನು ಹೊರತೆಗೆಯಿರಿ. ಫ್ಯಾನ್ ರೆಕ್ಕೆಗಳ ಸಂದಿಯಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ. ಹೊರಗಿಂದ ನೋಡಿದರೆ ಕಾರ್ಡ್ ಚೊಕ್ಕಟವಾಗಿಯೇ ಇರುತ್ತದೆ. ಧೂಳು ಕೂರುವುದು ಫ್ಯಾನಿನ ಹಿಂದೆ, ಅಲ್ಯೂಮಿನಿಯಂ ಪಟ್ಟಿಗಳ ಬಾಯಲ್ಲಿ. ಅಲ್ಲಿ ಅದು ಬೂದುಬಣ್ಣದ ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ನಾನು ಬಿಚ್ಚಿದ ಒಂದು ಕಾರ್ಡಿನಲ್ಲಿ ಚಿಮಟದಿಂದ ಹಿಡಿದೆಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಅದರ ಗಾಳಿ ಆ ಕಂಬಳಿಗೆ ಬಡಿದು ವಾಪಸ್ ಬರುತ್ತಿತ್ತು, ಅಷ್ಟೇ. ನಿಮಗೆ ಕೇಳುವ ಸದ್ದಿಗೂ ಇದೇ ಕಾರಣ ಇರಬಹುದು.

ಮೆತ್ತನೆಯ ಬ್ರಶ್ ಮತ್ತು ಗಾಳಿ ಊದುವ ಬ್ಲೋಯರ್ ಸಾಕು. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ಗಿರ್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಥಿರ ವಿದ್ಯುತ್ತಿನಿಂದ ಚಿಪ್‌ಗೆ ಪೆಟ್ಟಾಗುವ ಅಪಾಯವಿದೆ. ಕ್ಯಾಬಿನೆಟ್ಟಿನ ಮುಂಭಾಗದ ಜಾಲರಿಯನ್ನೂ ಇದೇ ಹೊತ್ತಲ್ಲಿ ಒರೆಸಿಬಿಡಿ.

ಧೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿದೆ ಎಂದುಕೊಳ್ಳಬಹುದು. ಚಿಪ್ಪಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಶಾಖ ದಾಟಿಸುವ ಪದಾರ್ಥ ಅದು. ವರ್ಷಗಳು ಕಳೆದಂತೆ ಬಿರುಕು ಬಿಟ್ಟು ಪುಡಿಪುಡಿಯಾಗುತ್ತದೆ. ಬದಲಿಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಚಿಪ್ಪಿನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೂಲರ್ ಎತ್ತುವಾಗ ಫ್ಯಾನಿನ ಸಣ್ಣ ತಂತಿ ಕಾರ್ಡಿಗೆ ಅಂಟಿಕೊಂಡಿರುತ್ತದೆ ಎಂಬುದು ನೆನಪಿರಲಿ, ಜಗ್ಗಿದರೆ ಕಿತ್ತುಹೋಗುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಾಕಿ. ಮೆಮೊರಿ ಚಿಪ್‌ಗಳ ಮೇಲಿರುವ ಮೆತ್ತನೆಯ ಪ್ಯಾಡ್‌ಗಳು ಹರಿದಿಲ್ಲದಿದ್ದರೆ ಅವನ್ನು ಮುಟ್ಟಬೇಡಿ. ಅವುಗಳ ದಪ್ಪ ಒಂದಿಷ್ಟು ಹೆಚ್ಚುಕಡಿಮೆಯಾದರೂ ಕೂಲರ್ ಸರಿಯಾಗಿ ಕೂರುವುದಿಲ್ಲ.

ಕಾರ್ಡ್ ಬಿಚ್ಚಲು ಧೈರ್ಯ ಸಾಲದಿದ್ದರೆ ಇನ್ನೊಂದು ದಾರಿ ಇದೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಅನ್ನು 100ರಿಂದ 80 ಪರ್ಸೆಂಟ್‌ಗೆ ಇಳಿಸಿ. ನಿಮ್ಮ ಕಾರ್ಡಿನ ಅಧಿಕೃತ ಬಳಕೆ 120 ವ್ಯಾಟ್, ಅದು 96ರ ಆಸುಪಾಸಿಗೆ ಬರುತ್ತದೆ. ವಿದ್ಯುತ್ ಐದನೇ ಒಂದು ಭಾಗ ಕಡಿಮೆಯಾಯಿತು ಅಂತ ವೇಗವೂ ಅಷ್ಟೇ ಬೀಳುವುದಿಲ್ಲ. ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿ ಕಾರ್ಡ್ ಅತಿ ಜಾಸ್ತಿ ವಿದ್ಯುತ್ ಹೀರುತ್ತದೆ, ನಾವು ಬಿಟ್ಟುಕೊಡುವುದು ಅದನ್ನೇ. ಬಿಸಿಯಾಗಿ ತಡವರಿಸುವುದಕ್ಕಿಂತ ಒಂದು ಹೆಜ್ಜೆ ನಿಧಾನವಾಗಿ, ಒಂದೇ ಸಮನೆ ಓಡುವುದು ಎಷ್ಟೋ ಮೇಲು. ಓವರ್‌ಕ್ಲಾಕ್ ಮಾಡುವ, ಅಂದರೆ ಚಿಪ್ಪನ್ನು ನಿಗದಿಗಿಂತ ವೇಗವಾಗಿ ಓಡಿಸುವ ಯೋಚನೆ ಬಂದಿದ್ದರೆ ಸದ್ಯಕ್ಕೆ ಅದನ್ನು ಬದಿಗಿಡಿ. ಬಿಸಿ ಹತೋಟಿಗೆ ಬಾರದೆ ಅದನ್ನು ಮಾಡಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ಪ್ರಶ್ನೆ: ನನ್ನದೂ ಜಿಟಿಎಕ್ಸ್ 1060. ಬಿಸಿ ಸರಿಯಾಗಿದೆ, 70 ದಾಟುವುದಿಲ್ಲ. ಆದರೂ ಹೊಸ ಆಟಗಳು 35–40 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮೇಲೆ ಹೋಗುವುದಿಲ್ಲ. ಎಲ್ಲ ಸೆಟ್ಟಿಂಗನ್ನೂ ಲೋ ಮಾಡಿದರೆ ಚಿತ್ರ ನೋಡಲಾಗದಷ್ಟು ಕೆಟ್ಟದಾಗುತ್ತದೆ. ಯಾವುದನ್ನು ಇಳಿಸಬೇಕು, ಯಾವುದನ್ನು ಬಿಡಬೇಕು?

ಉತ್ತರ: ಎಲ್ಲವನ್ನೂ ಒಟ್ಟಿಗೆ ಇಳಿಸಿದ್ದೇ ತಪ್ಪಾಯಿತು. ಮೊದಲು ಟೆಕ್ಸ್ಚರ್ ಅನ್ನು ವಾಪಸ್ ಮೇಲಕ್ಕೆ ತನ್ನಿ. ಗೋಡೆ, ಬಟ್ಟೆ, ಮುಖದ ಚರ್ಮ ಸ್ಪಷ್ಟವಾಗಿ ಕಾಣುವುದು ಅದರಿಂದ. ಕಾರ್ಡಿನ ಮೆಮೊರಿಯಲ್ಲಿ ಜಾಗ ಇರುವ ತನಕ ಟೆಕ್ಸ್ಚರ್ ಹೆಚ್ಚಿಸಿದರೆ ಎಫ್‌ಪಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜಾಗ ತುಂಬಿತೋ, ಕಂಪ್ಯೂಟರಿನ ರ‍್ಯಾಮ್‌ನಿಂದ ಎಳೆದು ತರಬೇಕು, ಆಗ ಆಟ ಗಕ್ಕನೆ ನಿಂತು ನಿಂತು ಓಡುತ್ತದೆ. 6 ಜಿಬಿ ಇದ್ದರೆ ಬಹಳ ಆಟಗಳಲ್ಲಿ ಮೀಡಿಯಂ ಅಥವಾ ಹೈ ನಡೆಯುತ್ತದೆ. ನಿಮ್ಮದು 3 ಜಿಬಿಯ ಮಾದರಿಯಾದರೆ ಲೋ ಅಥವಾ ಮೀಡಿಯಂಗೇ ನಿಲ್ಲಿ.

ಇಳಿಸಬೇಕಾದದ್ದು ನೆರಳು, ವಾಲ್ಯೂಮೆಟ್ರಿಕ್ ಮಂಜು, ಪ್ರತಿಫಲನ, ಆಂಬಿಯೆಂಟ್ ಅಕ್ಲೂಷನ್ (ಮೂಲೆ, ಸಂದಿಗಳಲ್ಲಿ ಕಾಣುವ ನಸುಗತ್ತಲೆ). ನೆರಳನ್ನು ಅಲ್ಟ್ರಾದಿಂದ ಮೀಡಿಯಂಗೆ ತಂದು ಆಟದೊಳಗಿನ ಒಂದು ಬೀದಿಯಲ್ಲಿ ನಿಂತು ನೋಡಿ. ದೂರದ ಮರದ ನೆರಳಿನ ಅಂಚು ಸ್ವಲ್ಪ ಮೆತ್ತಗಾಗಿರುತ್ತದೆ, ಅಷ್ಟೇ. ಓಡುತ್ತಾ ಆಡುವಾಗ ಅದು ಕಣ್ಣಿಗೇ ಬೀಳುವುದಿಲ್ಲ. ಒಂದೊಂದನ್ನೇ ಬದಲಿಸಿ, ಒಂದೇ ಜಾಗದಲ್ಲಿ ನಿಂತು ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ನಿಮ್ಮ ಆಟದಲ್ಲಿ ಭಾರವಾದದ್ದು ಯಾವುದು ಅಂತ ನಿಮಗೇ ತಿಳಿಯುತ್ತದೆ.

ಆಮೇಲೆ ರೆಸಲ್ಯೂಷನ್. 1920×1080ರಲ್ಲಿ ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಚುಕ್ಕೆ ಬರೆಯಬೇಕು, 1600×900ರಲ್ಲಿ 14.4 ಲಕ್ಷ. ಆದರೆ ನೇರವಾಗಿ ರೆಸಲ್ಯೂಷನ್ ಇಳಿಸಿದರೆ ಅಕ್ಷರವೂ ಮಸುಕಾಗುತ್ತದೆ. ಅದಕ್ಕಿಂತ ಆಟದೊಳಗೇ ಎಫ್‌ಎಸ್‌ಆರ್ 2 ಅಥವಾ ಎಕ್ಸ್‌ಇಎಸ್‌ಎಸ್ ಇದೆಯಾ ನೋಡಿ. ಇವು ಚಿಕ್ಕದಾಗಿ ಬರೆದ ಚಿತ್ರವನ್ನು ಹಿಂದಿನ ಫ್ರೇಮ್‌ಗಳ ನೆರವಿನಿಂದ ದೊಡ್ಡದು ಮಾಡುತ್ತವೆ. ಎಫ್‌ಎಸ್‌ಆರ್ ಎಎಂಡಿಯದಾದರೂ ನಿಮ್ಮ ಎನ್‌ವಿಡಿಯಾ ಕಾರ್ಡಿನಲ್ಲೂ ನಡೆಯುತ್ತದೆ. ಇದೇ ಬಗೆಯ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಮಾತ್ರ ಅವರ ಹೊಸ ಆರ್‌ಟಿಎಕ್ಸ್ ಕಾರ್ಡ್‌ಗಳಿಗೇ ಮೀಸಲು. 1080ರ ಪರದೆಯಲ್ಲಿ ‘ಕ್ವಾಲಿಟಿ’ಯನ್ನೇ ಆರಿಸಿ, ಎಫ್‌ಎಸ್‌ಆರ್ 2 ಆದರೆ ಒಳಗೆ ಅದು 1280×720ರಲ್ಲಿ ಬರೆಯುತ್ತದೆ. ‘ಪರ್ಫಾರ್ಮೆನ್ಸ್’ಗೆ ಹೋದರೆ ಕೂದಲು, ತಂತಿ, ಎಲೆಗಳೆಲ್ಲ ಮಿನುಗತೊಡಗುತ್ತವೆ. ನನಗಂತೂ ಅದನ್ನು ನೋಡಿಕೊಂಡು ಆಡಲು ಆಗುವುದಿಲ್ಲ.

ಪ್ರಶ್ನೆ: ನನ್ನದು ತದ್ವಿರುದ್ಧ. ಅಲ್ಟ್ರಾದಲ್ಲಿಟ್ಟರೂ 48 ಎಫ್‌ಪಿಎಸ್, ಲೋದಲ್ಲಿಟ್ಟರೂ 50. ಕಾರ್ಡ್ ಕೆಟ್ಟಿದೆಯಾ?

ಉತ್ತರ: ಕಾರ್ಡ್ ಸುಮ್ನೆ ಕೂತಿದೆ. ಅದರ ಬಳಕೆ ನೋಡಿ, 95ರ ಬದಲು 60 ಪರ್ಸೆಂಟ್ ಅಂತಿದ್ದರೆ ಅದಕ್ಕೆ ಕೆಲಸ ಒದಗಿಸಲು ಪ್ರೊಸೆಸರ್‌ಗೆ ಆಗುತ್ತಿಲ್ಲ. ಹೊಸ ಪ್ರೊಸೆಸರ್ ಕೊಳ್ಳುವ ಮೊದಲು ರ‍್ಯಾಮ್ ಕಡ್ಡಿ ಎಷ್ಟಿದೆ ನೋಡಿ. ಒಂದೇ ಇದ್ದರೆ ಡಿಡಿಆರ್4 2400ರಲ್ಲಿ ಸೆಕೆಂಡಿಗೆ ಸಾಗುವ ಮಾಹಿತಿ ಹೆಚ್ಚೆಂದರೆ 19.2 ಜಿಬಿ. ಅಂಥದ್ದೇ ಇನ್ನೊಂದನ್ನು ಸರಿಯಾದ ಸ್ಲಾಟ್‌ನಲ್ಲಿ ಹಾಕಿದರೆ 38.4. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಇದೆಯಾ ಅಂತಲೂ ನೋಡಿಕೊಳ್ಳಿ. ಸೆಟ್ಟಿಂಗ್‌ಗಳಲ್ಲಿ ಜನಸಂದಣಿ, ಎಷ್ಟು ದೂರದವರೆಗೆ ಕಾಣಬೇಕು ಎಂಬುದು ಪ್ರೊಸೆಸರ್ ಮೇಲೆ ಬೀಳುವ ಭಾರ. ಅವನ್ನು ಇಳಿಸಿ, ಉಳಿದದ್ದನ್ನು ಧಾರಾಳವಾಗಿ ಏರಿಸಿ.

ಪ್ರಶ್ನೆ: ಹೊಸ ಡ್ರೈವರ್ ಹಾಕಿದರೆ ಜಿಟಿಎಕ್ಸ್ 10 ಸರಣಿಯ ವೇಗ ಹೆಚ್ಚುತ್ತದಾ? ‘ಗೇಮ್ ಬೂಸ್ಟರ್’ಗಳು?

ಉತ್ತರ: ಈ ಸರಣಿಗೆ ಹೊಸ ಆಟಗಳಿಗಾಗಿ ಡ್ರೈವರ್ ತರುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. 2028ರ ಅಕ್ಟೋಬರ್ ತನಕ ಭದ್ರತೆಯ ಅಪ್‌ಡೇಟ್ ಕೊಡುವುದಾಗಿ ಹೇಳಿದೆ. ಅವನ್ನು ತಪ್ಪದೆ ಹಾಕಿಕೊಳ್ಳಿ, ಆದರೆ ಅದರಿಂದ ವೇಗ ಬರುತ್ತದೆ ಎಂದು ಕಾಯಬೇಡಿ. ಬೂಸ್ಟರ್‌ಗಳು ಬೇಡವೇ ಬೇಡ. ಅವು ಮಾಡುವುದು ಹಿನ್ನೆಲೆಯ ಒಂದೆರಡು ಪ್ರೋಗ್ರಾಂ ಮುಚ್ಚುವ ಕೆಲಸ. ಬ್ರೌಸರನ್ನು ನೀವೇ ಮುಚ್ಚಿದರಾಯಿತು.

ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ಯಾವ ಹೊಸ ಆಟವೂ ಓಡುತ್ತದಾ?

ಉತ್ತರ: ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್’ ಆಟಕ್ಕೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿ ಲೆಕ್ಕಹಾಕಿ ಚಿತ್ರ ಬರೆಯುವುದು) ಮಾಡುವ ಹಾರ್ಡ್‌ವೇರ್ ಇರಲೇಬೇಕು, ಅದು ಜಿಟಿಎಕ್ಸ್ 10 ಸರಣಿಯಲ್ಲಿಲ್ಲ. ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್ ಕೇಳುತ್ತದೆ. 2025ರ ‘ಡೂಮ್: ದಿ ಡಾರ್ಕ್ ಏಜಸ್’ ಕೂಡ ಹಾಗೇ. ಇಂಥ ಆಟ ಕೊಳ್ಳುವ ಮೊದಲು ಕನಿಷ್ಠ ಅಗತ್ಯದ ಪಟ್ಟಿಯಲ್ಲಿ ಈ ಒಂದು ಸಾಲನ್ನು ಹುಡುಕಿ ಓದಿ. ರೇ ಟ್ರೇಸಿಂಗ್ ಕಡ್ಡಾಯ ಎಂದಿದ್ದರೆ ಆ ದುಡ್ಡನ್ನು ಮುಂದಿನ ಕಾರ್ಡಿಗೆ ಎತ್ತಿಡಿ.