ಬೆಟ್ಟ ಹತ್ತಿದಂತೆ ಮಣ್ಣಿನ ನುಸಿಗಳು ಕಡಿಮೆಯಾಗುವುದು ಚಳಿಯಿಂದಲೇ?

ಬೆಟ್ಟ ಹತ್ತುತ್ತಾ ಹೋದ ಹಾಗೆ ಗಿಡಮರ ಬದಲಾಗುವುದು ಕಣ್ಣಿಗೆ ಕಾಣುತ್ತದೆ, ಮಣ್ಣಿನೊಳಗಿನ ನುಸಿಗಳ ಬಗೆಗಳೂ ಹಾಗೇ ಕಡಿಮೆಯಾಗುತ್ತವೆಯೇ, ಚಳಿಯೇ ಕಾರಣವೇ ಅಂತ ಕೇಳಿದ್ದೀರಿ. ತುಂಬಾ ಬೆಟ್ಟಗಳಲ್ಲಿ ಕಡಿಮೆಯಾಗುವುದು ನಿಜ. ಆದರೆ ತಪ್ಪನ್ನೆಲ್ಲ ಚಳಿಯ ತಲೆಗೆ ಕಟ್ಟಬೇಡಿ. ಅಲ್ಲಿ ಅವಕ್ಕೆ ಎಂಥ ಊಟ ಸಿಗುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ನಾನು ಮೈಕ್ರೋಸ್ಕೋಪಿನ ಕೆಳಗೆ ನುಸಿ ನೋಡುತ್ತಾ ಹೊಟ್ಟೆ ಹೊರೆಯುವವನು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನುಸಿ ಅಂದರೆ ನಮ್ಮ ಕಡೆ ತೆಂಗಿಗೆ ಬೀಳುವ ನುಸಿಯೇ ನೆನಪಾಗುವುದು. ಇವು ಅದಲ್ಲ. ಮಲೆನಾಡಿನವರು ಹೆದರುವ ಉಣುಗು ಇವುಗಳ ದೂರದ ನೆಂಟ, ಅಷ್ಟೇ. ಕಾಡಿನ ತರಗೆಲೆಯ ಅಡಿಯಲ್ಲಿ ಜಾಸ್ತಿ ಸಿಗುವುದು ಒರಿಬ್ಯಾಟಿಡ್ ಅನ್ನುವ ಗುಂಪು. ಎಂಟು ಕಾಲು, ದೊಡ್ಡವಾದ ಮೇಲೆ ಗಟ್ಟಿ ಚಿಪ್ಪಿನಂಥ ಮೈ, ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಕೊಳೆತ ಎಲೆ, ಬೂಷ್ಟು, ಕಲ್ಲುಹೂವು ಇವುಗಳ ಆಹಾರ. ಕಚ್ಚುವುದಿಲ್ಲ, ಬೆಳೆ ಹಾಳು ಮಾಡುವುದಿಲ್ಲ. ಇಲ್ಲಿಯವರೆಗೆ ಹೆಸರಿಟ್ಟಿರುವ ಜಾತಿಗಳೇ ಸುಮಾರು 11,000. ಇವುಗಳ ಜೊತೆಗೆ ಗ್ಯಾಮಸಿನಾ ಅಂತ ಬೇಟೆಯಾಡುವ ನುಸಿಗಳೂ ಇರುತ್ತವೆ. ಅವು ಚುರುಕು, ಸಣ್ಣಪುಟ್ಟ ಹುಳಗಳನ್ನು ಹಿಡಿದು ತಿನ್ನುತ್ತವೆ.

ನನಗೆ ಇಷ್ಟವಾದ ಒಂದು ಅಧ್ಯಯನ ಇದೆ. ದಕ್ಷಿಣ ಈಕ್ವೆಡಾರ್‌ನ ಆಂಡಿಸ್ ಬೆಟ್ಟಗಳ ಮಳೆಕಾಡಿನಲ್ಲಿ ಇಲ್ಲಿಗ್, ನಾರ್ಟನ್, ಶಾಯ್, ಮರೌನ್ ಎಂಬ ಸಂಶೋಧಕರು ಮಾಡಿ 2010ರಲ್ಲಿ ಪ್ರಕಟಿಸಿದ್ದು. 1850, 2000, 2150, 2300 ಮೀಟರ್, ಹೀಗೆ ನಾಲ್ಕು ಎತ್ತರಗಳಲ್ಲಿ ಮಣ್ಣನ್ನೂ ಮರದ ತೊಗಟೆಯನ್ನೂ ನೋಡಿದರು. ಒರಿಬ್ಯಾಟಿಡ್ ಜಾತಿಗಳು ಕ್ರಮವಾಗಿ 24, 23, 17, 13 ಸಿಕ್ಕವು. ಎಲ್ಲ ಸೇರಿ 43. ಬರೀ 450 ಮೀಟರ್ ಏರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಕೆಲಸ ಶುರು ಮಾಡುವಾಗ ಅವರು ಅಂದುಕೊಂಡಿದ್ದು ಇದರ ಉಲ್ಟಾ! ಮೇಲೆ ಹೋದಂತೆ ಕೊಳೆಯದ ಎಲೆ, ಬೇರುಗಳ ಪದರ ದಪ್ಪವಾಗುತ್ತದೆ, ಊಟ ಜಾಸ್ತಿ ಇರುವ ಕಡೆ ನುಸಿಯೂ ಜಾಸ್ತಿ ಇರಬೇಕು ಅನ್ನುವುದು ಅವರ ಲೆಕ್ಕ. ಆದರೆ ಎತ್ತರ ಹೆಚ್ಚಿದಂತೆ ಒರಿಬ್ಯಾಟಿಡ್‌ಗಳು ಮಾತ್ರವಲ್ಲ, ಗ್ಯಾಮಸಿನಾ ಕೂಡ ಕಡಿಮೆಯಾದವು. ಮಣ್ಣಿನಲ್ಲಿ ನೆಗೆಯುತ್ತಾ ಇರುವ ಸ್ಪ್ರಿಂಗ್‌ಟೇಲ್ ಹುಳಗಳ ಕಥೆಯೂ ಅದೇ. ಇನ್ನೊಂದು ತಮಾಷೆ ಏನೆಂದರೆ ತೊಗಟೆಯ ಮೇಲಿನ ಒರಿಬ್ಯಾಟಿಡ್ ಬಳಗಕ್ಕೂ ಮಣ್ಣಿನ ಬಳಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಥ ಒದ್ದೆ ಕಾಡಿನಲ್ಲಿ ಮರಗಳ ಮೈಮೇಲೆಲ್ಲ ಪಾಚಿ, ಅದರಲ್ಲಿ ಸಿಕ್ಕಿಕೊಂಡ ಕಸ. ನುಸಿಗೆ ಅದೂ ನೆಲವೇ.

ಈಗ ಚಳಿಗೆ ಬರೋಣ. ನೂರು ಮೀಟರ್ ಏರಿದರೆ ಸುಮಾರು ಅರ್ಧ ಡಿಗ್ರಿಯಿಂದ 0.6 ಡಿಗ್ರಿ ತಂಪಾಗುತ್ತದೆ. 450 ಮೀಟರಿಗೆ ಎರಡೂವರೆ ಡಿಗ್ರಿ ಅಂತ ಇಟ್ಟುಕೊಳ್ಳಿ. ಇದು ನಮ್ಮೂರಲ್ಲಿ ಬೆಳಿಗ್ಗೆ ಏಳಕ್ಕೂ ಒಂಬತ್ತಕ್ಕೂ ಇರುವಷ್ಟು ವ್ಯತ್ಯಾಸ. ಅಷ್ಟಕ್ಕೆ ಅರ್ಧದಷ್ಟು ಜಾತಿಗಳು ಜಾಗ ಖಾಲಿ ಮಾಡುತ್ತವೆ ಅಂದರೆ ನಂಬುವುದು ಕಷ್ಟ, ಅಲ್ವಾ? ಅದೂ ಅಲ್ಲದೆ ಒರಿಬ್ಯಾಟಿಡ್‌ಗಳು ಚಳಿಗೆ ಬಗ್ಗುವ ಪೈಕಿ ಅಲ್ಲ. ಅಂಟಾರ್ಕ್ಟಿಕಾದಲ್ಲಿ ಅಲಾಸ್ಕೋಜೀಟಿಸ್ ಅಂತ ಒಂದು ನುಸಿ ಇದೆ. ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು, ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೆ ಹೋದರೂ ಹೆಪ್ಪುಗಟ್ಟದೆ ಇರಬಲ್ಲದು. ಬೆಳೆದು ದೊಡ್ಡದಾಗಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ, ಆದರೆ ಬದುಕುತ್ತದೆ. ಉತ್ತರ ಯುರೋಪಿನ ಪೈನ್ ಕಾಡುಗಳ ಒಂದು ಚದರ ಮೀಟರ್ ನೆಲದಲ್ಲಿ ಲಕ್ಷಗಟ್ಟಲೆ ಒರಿಬ್ಯಾಟಿಡ್ ಸಿಗುವುದುಂಟು. ಉಷ್ಣವಲಯದ ಕಾಡಿನಲ್ಲಿ ಸಾಮಾನ್ಯವಾಗಿ ಅಷ್ಟು ಸಿಗುವುದಿಲ್ಲ. ಹಾಗಾಗಿ ಬೆಚ್ಚಗಿದ್ದರೆ ಜಾಸ್ತಿ, ತಣ್ಣಗಿದ್ದರೆ ಕಮ್ಮಿ ಅನ್ನುವ ಸರಳ ಸೂತ್ರ ಈ ಜೀವಿಗಳಿಗೆ ಒಗ್ಗುವುದಿಲ್ಲ.

ಆ ಸಂಶೋಧಕರು ಬೊಟ್ಟು ಮಾಡಿದ್ದು ಆಹಾರದ ಗುಣಮಟ್ಟದ ಕಡೆಗೆ. ನನಗೂ ಅದೇ ಸರಿ ಅನ್ನಿಸುತ್ತದೆ. ಮೇಲಿನ ಕಾಡಿನ ಎಲೆಗಳು ದಪ್ಪ, ಗಡುಸು. ಅವುಗಳಲ್ಲಿ ಸಾರಜನಕ, ರಂಜಕ ಕಡಿಮೆ, ಒಗರು ಜಾಸ್ತಿ. ಮಣ್ಣು ಹುಳಿ, ಸದಾ ಒದ್ದೆ. ಅಂಥ ಎಲೆಯ ಮೇಲೆ ಬೂಷ್ಟು ಬೆಳೆಯುವುದೇ ನಿಧಾನ. ಒರಿಬ್ಯಾಟಿಡ್‌ಗಳಲ್ಲಿ ಬಹಳಷ್ಟಕ್ಕೆ ನಿಜವಾದ ಊಟ ಎಲೆಯಲ್ಲ, ಎಲೆಯ ಮೇಲಿನ ಬೂಷ್ಟು. ಅಷ್ಟು ದಪ್ಪ ಪದರ ಬಿದ್ದಿದೆ ಅಂದರೆ ಅದನ್ನು ಯಾರೂ ಸರಿಯಾಗಿ ತಿನ್ನುತ್ತಿಲ್ಲ ಅಂತಲೇ ಅರ್ಥ. ಚಳಿಗೂ ಇದರಲ್ಲಿ ಕೈವಾಡ ಇದೆ, ಇಲ್ಲ ಅನ್ನುವುದಿಲ್ಲ. ತಂಪು, ತೇವ ಸೇರಿ ಕೊಳೆಯುವುದನ್ನು ನಿಧಾನ ಮಾಡುತ್ತವೆ. ಆದರೆ ಅದು ನುಸಿಯನ್ನು ನೇರವಾಗಿ ಸಾಯಿಸುವುದಿಲ್ಲ, ಅದರ ಊಟವನ್ನು ಕೆಡಿಸುತ್ತದೆ.

ಇದಕ್ಕೆ ಪುಷ್ಟಿ ಕೊಡುವ ಇನ್ನೊಂದು ವಿಷಯ ಇದೆ, ನನಗಂತೂ ಇದೇ ಎಲ್ಲಕ್ಕಿಂತ ಮಜಾ ಅನ್ನಿಸುವುದು. ಒರಿಬ್ಯಾಟಿಡ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಜಾತಿಗೆ ಗಂಡೇ ಬೇಡ. ಹೆಣ್ಣು ತಾನೇ ಮೊಟ್ಟೆ ಇಟ್ಟು ಹೆಣ್ಣುಮರಿಗಳನ್ನೇ ಹುಟ್ಟಿಸುತ್ತದೆ. ಪ್ರಾಣಿಲೋಕದಲ್ಲಿ ಇದು ತುಂಬಾ ದೊಡ್ಡ ಪಾಲು. ಮರೌನ್ ಮತ್ತು ಜೊತೆಗಾರರು ಈಕ್ವೆಡಾರ್‌ನಲ್ಲೇ 1000, 2000, 3000 ಮೀಟರ್‌ಗಳಲ್ಲಿ ಇದನ್ನು ನೋಡಿದರು. 2013ರಲ್ಲಿ ಬಂದ ಆ ವರದಿಯ ಪ್ರಕಾರ ಎತ್ತರ ಹೆಚ್ಚಿದಂತೆ ಗಂಡಿಲ್ಲದ ನುಸಿಗಳ ಪಾಲು ಇಳಿಯುತ್ತದೆ, ಗಂಡು ಹೆಣ್ಣು ಎರಡೂ ಇರುವವುಗಳ ಪಾಲು ಏರುತ್ತದೆ. ಸುಮ್ನೆ ಯೋಚಿಸಿದರೆ ಉಲ್ಟಾ ಆಗಬೇಕಿತ್ತು. ನುಸಿಗಳೇ ವಿರಳವಾಗಿರುವ ಕಡೆ ಜೋಡಿ ಹುಡುಕುವುದು ಕಷ್ಟ ತಾನೇ? ಅವರು ಕೊಡುವ ವಿವರಣೆ ಹೀಗಿದೆ: ಊಟ ಧಾರಾಳವಾಗಿದ್ದರೆ ಅಮ್ಮನ ನಕಲಿನಂಥ ಮರಿಗಳೇ ಸಾಕು, ಬೇಗ ಸಂಖ್ಯೆ ಏರುತ್ತದೆ. ಊಟಕ್ಕೆ ತತ್ವಾರವಾದಾಗ ಎಲ್ಲರೂ ಒಂದೇ ಥರ ಇದ್ದರೆ ಒಂದೇ ಆಹಾರಕ್ಕೆ ಮುಗಿಬೀಳುತ್ತಾರೆ. ಆಗ ಬೇರೆ ಬೇರೆ ಗುಣದ ಮರಿಗಳು ಬೇಕು, ಅದಕ್ಕೆ ಗಂಡು ಬೇಕು. ಅಂದ ಹಾಗೆ ಒರಿಬ್ಯಾಟಿಡ್‌ಗಳಲ್ಲಿ ಬಹುತೇಕ ಗಂಡುಗಳು ಹೆಣ್ಣನ್ನು ಮುಟ್ಟುವುದೂ ಇಲ್ಲ. ಸಣ್ಣ ಕಡ್ಡಿಯ ತುದಿಯಲ್ಲಿ ವೀರ್ಯದ ಹನಿ ನಿಲ್ಲಿಸಿ ಹೋಗುತ್ತವೆ, ದಾರಿಯಲ್ಲಿ ಬಂದ ಹೆಣ್ಣು ಎತ್ತಿಕೊಳ್ಳುತ್ತದೆ.

ಇಷ್ಟು ಓದಿ ಎಲ್ಲ ಬೆಟ್ಟಗಳೂ ಹೀಗೇ ಅಂತ ತೀರ್ಮಾನಿಸಬೇಡಿ. ಮೆಕೇನ್ ಮತ್ತು ಗ್ರಿಟ್ನೆಸ್ ಅನ್ನುವವರು 2010ರಲ್ಲಿ ಬೇರೆ ಬೇರೆ ಜೀವಿಗಳ ಲೆಕ್ಕವನ್ನು ಒಟ್ಟಿಗೆ ನೋಡಿ ನಾಲ್ಕು ಮಾದರಿ ಗುರುತಿಸಿದ್ದಾರೆ. ಕೆಲವು ಕಡೆ ಜಾತಿಗಳ ಸಂಖ್ಯೆ ಕೆಳಗಿನಿಂದಲೇ ಇಳಿಯುತ್ತದೆ. ಕೆಲವು ಕಡೆ ಸ್ವಲ್ಪ ದೂರ ಒಂದೇ ಮಟ್ಟದಲ್ಲಿದ್ದು ಆಮೇಲೆ ಇಳಿಯುತ್ತದೆ, ಆ ಸಮತಟ್ಟಿನ ಮೇಲೇ ನಡುವೆ ಸಣ್ಣ ಉಬ್ಬು ಇರುವುದೂ ಉಂಟು. ಇನ್ನು ಕೆಲವು ಕಡೆ ಬೆಟ್ಟದ ನಡುವೆಯೇ ಸ್ಪಷ್ಟವಾಗಿ ಅತಿ ಹೆಚ್ಚು. ಬುಡ ಒಣಗಿಕೊಂಡಿದ್ದು ಮಧ್ಯದಲ್ಲಿ ಮಂಜು, ಮಳೆ ಇರುವ ಬೆಟ್ಟಗಳಲ್ಲಿ ನಡುವೆ ಉಬ್ಬುವುದು ಸಹಜ. 24ರಿಂದ 13ಕ್ಕೆ ಇಳಿದ ಅಧ್ಯಯನ ಶುರುವಾದದ್ದೇ 1850 ಮೀಟರಿನಲ್ಲಿ. ಅದರ ಕೆಳಗೆ ಗ್ರಾಫು ಯಾವ ಕಡೆ ತಿರುಗುತ್ತದೆ ಅಂತ ಆ ನಾಲ್ಕು ಅಂಕಿಗಳಿಂದ ಹೇಳಲು ಬರುವುದಿಲ್ಲ.

ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರ್. ಅವರ ಲೆಕ್ಕ ಶುರುವಾಗುವಲ್ಲಿ ನಮ್ಮ ರಾಜ್ಯದ ಎತ್ತರವೇ ಮುಗಿಯುತ್ತದೆ. ಆದ್ದರಿಂದ ಆ ಅಂಕಿಗಳನ್ನು ಇಲ್ಲಿಗೆ ಹಾಗೇ ತಂದು ಕೂರಿಸಬೇಡಿ. ನಮ್ಮ ಘಟ್ಟದ ಮೇಲೆ ಒಂದೇ ಎತ್ತರದಲ್ಲಿ ಶೋಲಾ ಕಾಡು, ಹುಲ್ಲುಗಾವಲು ಅಕ್ಕಪಕ್ಕ ಇರುತ್ತವೆ. ಎರಡರ ಮಣ್ಣೂ ಬೇರೆ, ಬೀಳುವ ಕಸವೂ ಬೇರೆ. ನೀವೇ ಮಾಡಿ ನೋಡುವುದಾದರೆ ಮೊದಲು ಈ ಎರಡನ್ನು ಹೋಲಿಸಿ, ಎತ್ತರ ಆಮೇಲೆ.

ಉಪಕರಣ ಸುಲಭ. ಇಟಲಿಯ ಬರ್ಲೀಸ್ 1905ರಲ್ಲಿ ಮಾಡಿದ ಆಲಿಕೆ, ಅದಕ್ಕೆ ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಬಲ್ಬು ಸೇರಿಸಿದ. ಜಾಲರಿಯ ಮೇಲೆ ಮಣ್ಣು, ಮೇಲಿನಿಂದ ಬಲ್ಬಿನ ಶಾಖ, ಕೆಳಗೆ ಆಲ್ಕೋಹಾಲ್ ಇರುವ ಬಾಟಲಿ. ಒಣಗುವ ಮಣ್ಣಿನಿಂದ ನುಸಿಗಳು ಕೆಳಗೆ ಇಳಿದು ಬಾಟಲಿಗೆ ಬೀಳುತ್ತವೆ. ಕಾಡಿನಿಂದ ಮಣ್ಣು ತರಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮೊದಲೇ ಮಾಡಿಕೊಳ್ಳಿ. ಎಲ್ಲ ಕಡೆಯಿಂದ ಒಂದೇ ಅಳತೆಯ ಮಣ್ಣನ್ನು ಒಂದೇ ಕಾಲದಲ್ಲಿ ತೆಗೆಯಿರಿ. ಹೋಲಿಸುವಾಗ ಜಾತಿಗಳ ಜೊತೆ ಒಟ್ಟು ಎಷ್ಟು ನುಸಿ ಸಿಕ್ಕವು ಅನ್ನುವುದನ್ನೂ ಬರೆದಿಡಿ. 500 ನುಸಿಗಳಲ್ಲಿ 20 ಜಾತಿ ಸಿಗುವುದಕ್ಕೂ 50 ನುಸಿಗಳಲ್ಲಿ 12 ಸಿಗುವುದಕ್ಕೂ ಅರ್ಥ ಬೇರೆ. ಎರಡನೆಯ ಕಡೆ ಇನ್ನಷ್ಟು ಮಣ್ಣು ತೆಗೆದಿದ್ದರೆ 12 ಅನ್ನುವುದು ಇನ್ನೂ ಏರುತ್ತಿತ್ತೋ ಏನೋ. ಹಾಗೇ ಬಲ್ಬಿನ ಶಾಖವನ್ನು ದಿನದಿಂದ ದಿನಕ್ಕೆ ನಿಧಾನವಾಗಿ ಏರಿಸಿ. ಒಂದೇ ಸಲ ಕಾಯಿಸಿದರೆ ಮೆತ್ತನೆಯ ಮೈಯ ಮರಿಗಳು ಅರ್ಧ ದಾರಿಯಲ್ಲೇ ಒಣಗಿ ಸಾಯುತ್ತವೆ, ಬಾಟಲಿಯಲ್ಲಿ ಬರೀ ದೊಡ್ಡವೇ ಸಿಗುತ್ತವೆ.