ಅಪ್ಪ ನಂಬಲ್ಲ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ತಕರಾರು. ಹವಾಮಾನ ಬದಲಾವಣೆ ಅಂದರೆ ಮನೆಯಲ್ಲೂ ನಂಬುವುದಿಲ್ಲ, ಆಫೀಸಿನಲ್ಲೂ ನಂಬುವುದಿಲ್ಲ, ಮಾತು ಶುರುವಾದರೆ ಜಗಳದಲ್ಲೇ ಮುಗಿಯುತ್ತದೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಕೊನೆಯದು ನನ್ನನ್ನೇ ಬೈದು ಬರೆದದ್ದು.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಅಪ್ಪನ ಜೊತೆ ಇದೇ ವಾದ. "ಮಳೆಗಾಲದಲ್ಲಿ ಮಳೆ ಬರುತ್ತೆ, ಅದಕ್ಕೊಂದು ಹೆಸರು ಬೇರೆ ಇಟ್ಟಿದಾರೆ. ಎಲ್ಲ ದುಡ್ಡು ಹೊಡೆಯೋ ದಾರಿ" ಅನ್ನುತ್ತಾರೆ. ಮೊಬೈಲಿನಲ್ಲಿ ವರದಿ, ಗ್ರಾಫು ಎಲ್ಲ ತೋರಿಸಿದೆ, ಕಣ್ಣೆತ್ತಿಯೂ ನೋಡಲಿಲ್ಲ. ತಮಾಷೆ ಅಂದರೆ ದಿನಾ ಬೆಳಿಗ್ಗೆ ಮಳೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುವವರೂ ಅವರೇ. ಹೇಗೆ ಒಪ್ಪಿಸಲಿ?
– ಓದುಗಿ, ಬೆಂಗಳೂರು

ಉತ್ತರ: ಮೊದಲು ಆ ಮೊಬೈಲು ಬದಿಗಿಡಿ.

ನಿಮ್ಮಪ್ಪನಿಗೆ ವಿಜ್ಞಾನದ ಮೇಲೆ ಸಿಟ್ಟಿದ್ದ ಹಾಗೆ ಕಾಣುವುದಿಲ್ಲ. "ದುಡ್ಡು ಹೊಡೆಯೋ ದಾರಿ" ಅಂದರಲ್ಲ, ಗಂಟು ಇರುವುದು ಅಲ್ಲಿ. ಮಲೆನಾಡಿನಲ್ಲಿ ಪರಿಸರ ಅನ್ನುವ ಮಾತು ಕಿವಿಗೆ ಬಿದ್ದರೆ ಜನರಿಗೆ ನೆನಪಾಗುವುದು ಸರ್ವೆ, ನೋಟಿಸು, ಒಕ್ಕಲೆಬ್ಬಿಸುವ ಭಯ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ 2011ರಲ್ಲಿ ಗಾಡ್ಗೀಳ್ ಸಮಿತಿಯ ವರದಿ ಬಂತು, 2013ರಲ್ಲಿ ಕಸ್ತೂರಿರಂಗನ್ ವರದಿ, ಆಮೇಲೆ ಒಂದರ ಹಿಂದೆ ಒಂದು ಕರಡು ಅಧಿಸೂಚನೆ. 2024ರ ಜುಲೈನ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಜಾಗ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿತ್ತು, ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಬೇಡ ಅಂದಿತು. ಆ ವರದಿಗಳಲ್ಲಿ ರೈತರನ್ನು ತೋಟದಿಂದ ಎಬ್ಬಿಸಿ ಅಂತ ಎಲ್ಲೂ ಇಲ್ಲ. ಆದರೆ ವರದಿಯನ್ನು ಕನ್ನಡದಲ್ಲಿ ಹಿಡಿದುಕೊಂಡು ಊರಿಗೆ ಬಂದು, ಕೂತು ವಿವರಿಸಿದವರು ಎಷ್ಟು ಜನ? ಹೆದರಿಸಿದವರೇ ಜಾಸ್ತಿ. ಹಾಗಾಗಿ ನೀವು ಇಂಗಾಲ ಅಂದರೆ ಅವರಿಗೆ ಕೇಳಿಸುವುದು "ನಾಳೆ ಯಾರೋ ಬಂದು ತೋಟದಲ್ಲಿ ಇದು ಮಾಡಬೇಡ, ಅದು ಮಾಡಬೇಡ ಅನ್ನುತ್ತಾರೆ" ಅಂತ. ಅಂಥ ಕಡೆ ಗ್ರಾಫು ತೋರಿಸಿ ಏನು ಪ್ರಯೋಜನ?

ಅದಕ್ಕೇ ಮೊದಲ ಮಾತು ಹವಾಮಾನದ್ದಲ್ಲ. "ಅಪ್ಪಾ, ಒಂದು ವೇಳೆ ಇದು ನಿಜ ಅಂತಾದ್ರೆ ನಮ್ಮ ತೋಟಕ್ಕೆ ಏನು ತೊಂದರೆ ಬರುತ್ತೆ ಅಂತ ನಿಂಗೆ ಅನ್ಸುತ್ತೆ?" ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಮಧ್ಯೆ ಬಾಯಿ ಹಾಕಬೇಡಿ. ಇದು ಕಷ್ಟ, ಗೊತ್ತು.

ಎರಡನೆಯದು ಆ ಕ್ಯಾಲೆಂಡರು. ಹಳೆಯವನ್ನು ಬಿಸಾಡಿರಲಿಕ್ಕಿಲ್ಲ, ಹೀಗೆ ಬರೆದಿಡುವವರು ಬಿಸಾಡುವುದಿಲ್ಲ. ಇಳಿಸಿ ತರಲು ಹೇಳಿ, ಅವರೇ ಓದಿ ಹೇಳಲಿ. ವರ್ಷದ ಒಟ್ಟು ಮಳೆ ಎಷ್ಟು ಅಂತ ಮಾತ್ರ ಕೇಳಿದರೆ ಏನೂ ಸಿಗದಿರಬಹುದು, ಒಟ್ಟು ಲೆಕ್ಕ ಹೆಚ್ಚು ಕಮ್ಮಿ ಅಷ್ಟೇ ಇದ್ದು ಮಳೆ ಬೀಳುವ ರೀತಿ ಮಾತ್ರ ಬದಲಾಗಿರುತ್ತದೆ. ಎಷ್ಟು ದಿನ ಒಣ, ಎಷ್ಟು ದಿನ ಒಂದೇ ಸಮನೆ ಹೊಡೆತ, ಅದನ್ನು ಕೇಳಿ. ಕೊಳೆರೋಗ ತಡೆಯುವ ಮೊದಲ ಮದ್ದು ಯಾವಾಗ ಹೊಡೆದದ್ದು? ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕಲ್ವಾ. ಹೊಡೆದ ಮೇಲೆ ಗೊನೆಗೆ ಅಂಟಿ ಒಣಗುವಷ್ಟು ಹೊಳವು, ಅಂದರೆ ಮಳೆ ಬಿಡುವು ಬೇಕು. ಆ ಹೊಳವು ಸಿಗದೆ ಎರಡನೇ ಮದ್ದು ತಪ್ಪಿದ ವರ್ಷ ಯಾವುದು, ಕೊಳೆ ಬಂದು ಮರದ ಬುಡದಲ್ಲಿ ಕಾಯಿ ಉದುರಿದ್ದು ಯಾವ ವರ್ಷ, ಬೇಯಿಸಿ ಅಂಗಳದಲ್ಲಿ ಹರವಿದ ಅಡಿಕೆ ಮೇಲೆ ನವೆಂಬರಿನಲ್ಲಿ ಮಳೆ ಬಂದು ಟಾರ್ಪಾಲು ಹಿಡಿದು ಓಡಿದ್ದು ಯಾವಾಗ, ಇದೆಲ್ಲ ಅವರ ನಾಲಿಗೆ ತುದಿಯಲ್ಲಿರುತ್ತದೆ. ನೀವು ಕಲಿಸುವುದೇನಿಲ್ಲ ಅಲ್ಲಿ.

ಅವರು ಹೇಳಿ ಮುಗಿಸಿದ ಮೇಲೆ ಒಂದೇ ಒಂದು ವಿಷಯ ಸೇರಿಸಿ. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಸುಮಾರು ಶೇ 7 ಜಾಸ್ತಿಯಾಗುತ್ತದೆ. ಹಿಡಿದಿಟ್ಟದ್ದು ಬಿಡುವಾಗ ಒಟ್ಟಿಗೇ ಬಿಡುತ್ತದೆ. ಅಷ್ಟು ಸಾಕು, ಹತ್ತು ಅಂಕಿ ಹೇಳಿದರೆ ಒಂದೂ ನಿಲ್ಲುವುದಿಲ್ಲ. ಜೊತೆಗೆ ಒಂದು ತೋಟದ ಕ್ಯಾಲೆಂಡರಿನಿಂದ ಇಡೀ ಭೂಮಿಯ ಹವಾಮಾನ ಸಾಬೀತಾಗುವುದಿಲ್ಲ ಅಂತ ಅವರು ಹೇಳುವ ಮೊದಲು ನೀವೇ ಹೇಳಿಬಿಡಿ.

ಅವರು ಎದುರು ಹಾಕುವ ಮಾತೂ ಊಹಿಸಬಹುದು. "ವಯನಾಡಿನ ಗುಡ್ಡ ಕುಸಿದದ್ದು ರೆಸಾರ್ಟು, ಕ್ವಾರಿ ಮಾಡಿದ್ದಕ್ಕೆ" ಅಂತಾರೆ. ಹೌದು ಅನ್ನಿ. ಯಾಕೆಂದರೆ ಗುಡ್ಡದ ಕಾಲು ಕಡಿದರೆ ಅದು ನಿಲ್ಲುವುದಿಲ್ಲ ಅನ್ನುವುದು ಸರಿಯಾದ ಮಾತು. 2024ರ ಜುಲೈ 30ರ ಆ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ 10 ಜಾಸ್ತಿ ಜೋರಾಗಿತ್ತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, ಅದೂ ಇದೆ. ಎರಡೂ ಒಟ್ಟಿಗೆ ನಿಜ ಆಗಬಹುದು. ಅವರ ಅರ್ಧ ನಿಜವನ್ನು ಒಪ್ಪದೆ ನಿಮ್ಮ ಅರ್ಧವನ್ನು ಮಾತ್ರ ಒಪ್ಪಿ ಅಂದರೆ ಯಾರು ಒಪ್ಪುತ್ತಾರೆ?

ಇನ್ನೊಂದು ವಿಷಯ ನಿಮಗೆ ಧೈರ್ಯ ಕೊಡಬಹುದು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 2 ವರ್ಷ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಶಾಲೆಯಲ್ಲಿ ಹವಾಮಾನದ ಪಾಠ ಕಲಿತ ಮಕ್ಕಳು ಮನೆಯಲ್ಲಿ ವಾದ ಮಾಡಲಿಲ್ಲ, ನೀವು ಕಂಡ ಹಾಗೆ ಇಲ್ಲಿನ ಹವೆ ಹೇಗೆ ಬದಲಾಗಿದೆ ಅಂತ ಹೆತ್ತವರನ್ನೇ ಸಂದರ್ಶನ ಮಾಡಿದರು. ಹೆತ್ತವರ ಕಾಳಜಿ ಜಾಸ್ತಿಯಾಯಿತು. ಹೆಚ್ಚು ಬದಲಾದವರಲ್ಲಿ ಅಪ್ಪಂದಿರಿದ್ದರು, ಅವರನ್ನು ಬದಲಾಯಿಸುವುದರಲ್ಲಿ ಹೆಣ್ಣುಮಕ್ಕಳೇ ಮುಂದಿದ್ದರು.

ಒಂದೇ ರಜೆಯಲ್ಲಿ ಆಗಬೇಕು ಅಂತ ಹೊರಡಬೇಡಿ. "ನೀನು ಹೇಳಿದ್ದು ಸರಿ" ಅಂತ ಅವರ ಬಾಯಲ್ಲಿ ಬರಬೇಕು ಅಂತಲೂ ಕಾಯಬೇಡಿ. ನಮ್ಮಲ್ಲಿ ಯಾವ ಅಪ್ಪ ಅಂದಿದ್ದಾನೆ?

ಪ್ರಶ್ನೆ: ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರು ಯಾವಾಗಲೂ ಒಂದೇ ಬಾಣ ಬಿಡುತ್ತಾರೆ: "ಹಿಂದೆ ಹಿಮಯುಗ ಬಂದು ಹೋಯ್ತಲ್ಲ, ಆಗೇನು ಕಾರು ಓಡ್ತಿತ್ತಾ? ಎಲ್ಲ ಸೂರ್ಯನ ಆಟ." ಓದಿದವರು, ಇಂಜಿನಿಯರ್. ಏನು ಹೇಳಲಿ?
– ಓದುಗ, ಮೈಸೂರು

ಉತ್ತರ: ಓದಿದವರ ಜೊತೆ ವಾದ ಇನ್ನೂ ಕಷ್ಟ, ತಮ್ಮ ನಂಬಿಕೆಗೆ ಬೇಕಾದ ಸಾಕ್ಷಿ ಹುಡುಕುವ ಚಾಣಾಕ್ಷತನ ಅವರಿಗೆ ಜಾಸ್ತಿ.

ಹಿಮಯುಗದ ಮಾತು ಒಪ್ಪಿಕೊಳ್ಳಿ. ಕಾರಿಲ್ಲದೆಯೂ ಹವಾಮಾನ ಬದಲಾಗಿತ್ತು, ಭೂಮಿ ಸೂರ್ಯನನ್ನು ಸುತ್ತುವ ದಾರಿ, ವಾಲಿಕೆ ನಿಧಾನಕ್ಕೆ ಬದಲಾಗುವುದು ಅದಕ್ಕೆ ಮುಖ್ಯ ಕಾರಣ. ಕಳೆದ ಹಿಮಯುಗದಿಂದ ಹೊರಬರುವಾಗ ಸುಮಾರು 5 ಡಿಗ್ರಿ ಏರಲು ಹತ್ತಿರ ಹತ್ತಿರ 10 ಸಾವಿರ ವರ್ಷ ಹಿಡಿಯಿತು. ಈಗ 150 ವರ್ಷದೊಳಗೆ 1 ಡಿಗ್ರಿ ದಾಟಿದ್ದೇವೆ. ಹಿಂದೆ ಸಿಡಿಲಿನಿಂದ ಕಾಡಿಗೆ ಬೆಂಕಿ ಬೀಳುತ್ತಿತ್ತು ಅಂದ ಮಾತ್ರಕ್ಕೆ ಈಗ ಬೆಂಕಿಕಡ್ಡಿ ಗೀರಿದವನು ನಿರಪರಾಧಿ ಆಗುವುದಿಲ್ಲವಲ್ಲ.

ಇನ್ನು ಸೂರ್ಯ. ಇಂಜಿನಿಯರ್ ಅಂದಿರಲ್ಲ, ಅವರಿಗೆ ಒಂದು ಲೆಕ್ಕ ಕೊಡಿ, ಉತ್ತರ ಅವರೇ ತರಲಿ. ಸೂರ್ಯನೇ ಜಾಸ್ತಿ ಉರಿದಿದ್ದರೆ ವಾತಾವರಣ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕು. ಆದರೆ ಅಳತೆಯಲ್ಲಿ ಕಾಣುವುದು ಬೇರೆ. ನಾವಿರುವ ಕೆಳಗಿನ ಪದರ ಬಿಸಿಯಾಗಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗಿದೆ. ಯಾಕೆ? ಕಲ್ಲಿದ್ದಲು, ಪೆಟ್ರೋಲು ಸುಟ್ಟಾಗ ಬರುವ, ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಹೀಗೇ ಆಗುತ್ತದೆ ಅಂತ ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ಬರೆದಿದ್ದರು, ಮನಾಬೆಗೆ 2021ರಲ್ಲಿ ನೊಬೆಲ್ ಬಂತು. ಉಪಗ್ರಹಗಳು 1978ರಿಂದ ಸೂರ್ಯನ ಶಾಖ ಅಳೆಯುತ್ತಿವೆ, ಅದು ಏರುತ್ತಾ ಹೋಗಿಲ್ಲ.

ಊಟದ ಮೇಜಿನಲ್ಲಿ ಬೇರೆಯವರೂ ಕೇಳಿಸಿಕೊಳ್ಳುತ್ತಿರುತ್ತಾರೆ ಅನ್ನುವುದು ನೆನಪಿರಲಿ. ಬಾಣ ಬಿಡುವವರು ಒಪ್ಪದಿದ್ದರೂ ಪಕ್ಕದಲ್ಲಿ ಸುಮ್ಮನೆ ಮೊಸರನ್ನ ತಿನ್ನುತ್ತಾ ಕೂತವರು ಮನಸ್ಸಿನಲ್ಲೇ ತೂಗಿ ನೋಡುತ್ತಿರುತ್ತಾರೆ. ನೀವು ದನಿ ಏರಿಸಿದರೆ ಅವರನ್ನೂ ಕಳೆದುಕೊಂಡಿರಿ.

ಪ್ರಶ್ನೆ: ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪ ದಿನಾ ಏನಾದರೂ ಹಾಕುತ್ತಾರೆ. ನಿನ್ನೆಯದು: "ಒಂದು ಜ್ವಾಲಾಮುಖಿ ಬಿಡುವ ಹೊಗೆ ಇಡೀ ಮನುಷ್ಯ ಕುಲ ಬಿಡುವುದಕ್ಕಿಂತ ಜಾಸ್ತಿ." ಗುಂಪಿನಲ್ಲೇ ಉತ್ತರ ಕೊಡಲಾ?
– ಓದುಗ, ಹುಬ್ಬಳ್ಳಿ

ಉತ್ತರ: ಬೇಡ. ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಇರುವ ಕಡೆ ದೊಡ್ಡಪ್ಪನ ತಪ್ಪು ಎತ್ತಿ ತೋರಿಸಿದರೆ ಜ್ವಾಲಾಮುಖಿ ಮನೆಯಲ್ಲೇ ಏಳುತ್ತದೆ. ಫೋನ್ ಮಾಡಿ, ಆರೋಗ್ಯ ವಿಚಾರಿಸಿ, ಆಮೇಲೆ ಹೇಳಿ. ಭೂಮಿಯ ಎಲ್ಲಾ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಬಿಡುವುದರ ಶೇ 1ರಷ್ಟೂ ಇಲ್ಲ. ಹೇಳುವಾಗ ಅವರ ಸುಳ್ಳು ಸಂದೇಶವನ್ನು ಮತ್ತೆ ಓದಿ ಹೇಳುವುದರಿಂದ ಶುರು ಮಾಡಬೇಡಿ, ನಿಜದಿಂದ ಶುರು ಮಾಡಿ. ಅವರು ಕಳಿಸಿದ್ದರಲ್ಲಿ ಸರಿಯಾದದ್ದು ಒಂದಾದರೂ ಇರುವ ದಿನ ಗುಂಪಿನಲ್ಲಿ ಹೊಗಳಿ, ಅದಕ್ಕೇನು ಖರ್ಚಿಲ್ಲ.

ಪ್ರಶ್ನೆ: ಅಮೆರಿಕ, ಯುರೋಪಿನವರು ಕಲ್ಲಿದ್ದಲು ಸುಟ್ಟು ಶ್ರೀಮಂತರಾದರು. ಈಗ ನಾವು ಒಂದು ಫ್ಯಾನು ಹಾಕಿಕೊಂಡರೆ ಭೂಮಿ ಬಿಸಿಯಾಯ್ತು ಅಂತ ಬೊಬ್ಬೆ. ತಪ್ಪು ಅವರದ್ದು, ದಂಡ ನಮಗೆ. ಎಸಿಯಲ್ಲಿ ಕೂತು ಬರೆಯುವ ನಿಮ್ಮಂಥವರ ಮಾತು ನಾನು ನಂಬಲ್ಲ. ಧೈರ್ಯ ಇದ್ದರೆ ಹಾಕಿ.
– ಓದುಗ, ದಾವಣಗೆರೆ

ಉತ್ತರ: ಹಾಕಿದ್ದೇನೆ. ನಮ್ಮ ಕಚೇರಿಯಲ್ಲಿ ಇರುವುದೂ ಫ್ಯಾನೇ, ಅದೂ ಕಿರುಗುಟ್ಟುತ್ತದೆ.

ನಿಮ್ಮ ಸಿಟ್ಟಿಗೆ ಲೆಕ್ಕದ ಆಧಾರ ಇದೆ. ಇವತ್ತಿನವರೆಗೆ ಗಾಳಿಗೆ ಸೇರಿದ ಪಳೆಯುಳಿಕೆ ಇಂಧನದ ಇಂಗಾಲದ ಡೈಆಕ್ಸೈಡಿನಲ್ಲಿ ಅಮೆರಿಕದ ಪಾಲು ಸುಮಾರು ಕಾಲು ಭಾಗ, ನಮ್ಮದು ಶೇ 4 ಕೂಡ ದಾಟುವುದಿಲ್ಲ. ಈಗಲೂ ತಲೆಗೆ ಲೆಕ್ಕ ಹಾಕಿದರೆ ನಾವು ವರ್ಷಕ್ಕೆ ಸುಮಾರು 2 ಟನ್, ಅವರು 14ರ ಆಸುಪಾಸು. ಹೊಣೆ ಎಲ್ಲರದ್ದು, ಆದರೆ ಪಾಲು ಬೇರೆ ಬೇರೆ ಅಂತ 1992ರ ರಿಯೊ ಸಮಾವೇಶದಲ್ಲಿ ದೇಶಗಳೆಲ್ಲ ಒಪ್ಪಿದ್ದೂ ಇದೇ ಕಾರಣಕ್ಕೆ.

ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಂದು ಸಲ ಓದಿ. ತಪ್ಪು ಅವರದ್ದು ಅಂದಿರಿ. ಹಾಗಾದರೆ ತಪ್ಪು ನಡೆದಿದೆ ಅಂತ ಒಪ್ಪಿದ್ದೀರಿ. ನೀವು ನಂಬದೆ ಇರುವುದು ಹವಾಮಾನವನ್ನಲ್ಲ, ಅದರ ಹೆಸರಿನಲ್ಲಿ ನಿಮಗೆ ಬಿಲ್ಲು ಕಳಿಸುವವರನ್ನು. ಅವರನ್ನು ಖಂಡಿತ ಪ್ರಶ್ನಿಸಿ. 2023ರಲ್ಲಿ ಮಳೆ ಕೈಕೊಟ್ಟು ಭದ್ರಾ ಡ್ಯಾಂ ತುಂಬದೆ ನಿಮ್ಮ ಕಡೆ ನಾಲೆ ನೀರಿಗೆ ಎಷ್ಟು ಗಲಾಟೆಯಾಯಿತು ಅಂತ ನಿಮಗೇ ಗೊತ್ತು. ಆ ಬರಕ್ಕೆ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯಾಗಿ ನಮ್ಮ ಮಳೆ ಕಮ್ಮಿ ಮಾಡುವುದು) ದೊಡ್ಡ ಕಾರಣ, ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವವರ ಮಾತನ್ನೂ ನಂಬಬೇಡಿ. ಆದರೆ ಬಿಸಿ ಏರಿದ ಹಾಗೆ ಬರ ಬಂದಾಗ ಮಣ್ಣು ಇನ್ನೂ ಬೇಗ ಒಣಗುತ್ತದೆ, ಅದರ ದಂಡ ಕಟ್ಟುವವರು ನಾಲೆಯ ಕೊನೇ ಭಾಗದ ರೈತರು, ಅಮೆರಿಕದವರಲ್ಲ.

ದಂಡ ಯಾರಿಗೆ ಅನ್ನುವ ನಿಮ್ಮ ಪ್ರಶ್ನೆ ನಮ್ಮೊಳಗೂ ಕೇಳಬೇಕಾದದ್ದೇ. ಪಾವಗಡದ ಸೋಲಾರ್ ಪಾರ್ಕ್ ನೋಡಿ, ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್. ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ಪಡೆದರು. ಬರದ ಸೀಮೆಯಲ್ಲಿ ಅದು ಸಣ್ಣ ದುಡ್ಡಲ್ಲ, ಜಮೀನಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ತುಂಡು ಭೂಮಿಯೂ ಇಲ್ಲದವರಿಗೆ ಬಾಡಿಗೆ ಬರಲಿಲ್ಲ, ಕೂಲಿಯೂ ಹೋಯಿತು. ನಿಮ್ಮ ಜಿಲ್ಲೆಗೆ ಇಂಥದ್ದು ಬಂದಾಗ ಯಾರಿಗೆ ಬಾಡಿಗೆ, ಯಾರ ಕೆಲಸ ಹೋಗುತ್ತದೆ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಏನು ಉತ್ತರ ಬಂತು ಅಂತ ಬರೆಯಿರಿ, ಬೈಗುಳದ ಸಮೇತ ಹಾಕುತ್ತೇನೆ.