ಅಪಾಚೆ ಸರ್ವರಿನ ಲಾಗ್: ಮಟ್ಟ ಎಷ್ಟಿರಬೇಕು, ಸಾಲಿನಲ್ಲಿ ಏನಿರಬೇಕು?

ನಮಸ್ಕಾರ. ಕುಮಟಾದ ನಿಮ್ಮ ಸಹಕಾರಿ ಸಂಘದ ಜಾಲತಾಣ ಲಿನಕ್ಸ್ ಯಂತ್ರದಲ್ಲಿ ಅಪಾಚೆ 2.4 ಎಂಬ ವೆಬ್ ಸರ್ವರ್ ತಂತ್ರಾಂಶದ ಮೇಲೆ ನಡೆಯುತ್ತಿದೆ. ಡಿಸ್ಕ್ ತುಂಬುತ್ತಿದೆಯೆಂದು ಲಾಗ್‌ಲೆವೆಲ್ (ಲಾಗ್ ಎಂಬ ದಾಖಲೆ ಕಡತದಲ್ಲಿ ಎಷ್ಟು ವಿವರ ಬರೆಯಬೇಕೆಂಬ ಮಟ್ಟ) ಅನ್ನು ಡೀಬಗ್‌ನಿಂದ ಎರರ್‌ಗೆ ಇಳಿಸಿದರೂ ಆಕ್ಸೆಸ್ ಲಾಗ್ ಬೆಳೆಯುವುದು ನಿಂತಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲಿನ ಸದಸ್ಯರು ‘ದರಪಟ್ಟಿ ತೆರೆಯುತ್ತಿಲ್ಲ’ ಎಂದು ಫೋನ್ ಮಾಡಿದರೆ ದೋಷ ಸರ್ವರಿನದೋ ನೆಟ್‌ವರ್ಕಿನದೋ ಎಂದು ಲಾಗ್ ನೋಡಿ ಹೇಳಲಾಗುತ್ತಿಲ್ಲ. ಇದು ನಿಮ್ಮ ಪ್ರಶ್ನೆ. ಶಿರಸಿಯಲ್ಲಿ ಅಡಿಕೆ ವಹಿವಾಟಿನ ಇಂಥವೇ ಸರ್ವರುಗಳನ್ನು ನಾನು ನೋಡಿಕೊಳ್ಳುತ್ತೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಲಾಗ್‌ಲೆವೆಲ್ ಆಳುವುದು ದೋಷ, ಎಚ್ಚರಿಕೆಗಳನ್ನು ದಾಖಲಿಸುವ ಎರರ್ ಲಾಗ್ ಒಂದನ್ನೇ. ಆಕ್ಸೆಸ್ ಲಾಗ್‌ಗೆ ಮಟ್ಟವೆಂಬುದೇ ಇಲ್ಲ. ಬಂದ ಪ್ರತಿ ವಿನಂತಿಗೂ ಅದರಲ್ಲಿ ಒಂದು ಸಾಲು ಬೀಳುತ್ತದೆ. ಅದನ್ನು ಕಡಿಮೆ ಮಾಡಬೇಕೆಂದರೆ ಸೆಟ್‌ಎನ್ವಿಫ್ ಎಂಬ ಸೂಚನೆಯ ಮೂಲಕ ಚಿತ್ರಗಳಂಥ ಕಡತಗಳ ವಿನಂತಿಗಳಿಗೆ ಒಂದು ಗುರುತು ಹಾಕಿ, ಆ ಗುರುತು ಇಲ್ಲದವುಗಳನ್ನು ಮಾತ್ರ ಬರೆಯುವಂತೆ ಕಾನ್ಫಿಗ್ ಕಡತದ ಕಸ್ಟಮ್‌ಲಾಗ್ ಸಾಲಿನ ಕೊನೆಯಲ್ಲಿ ಷರತ್ತು ಸೇರಿಸಬೇಕು. ನಾನಾದರೆ ಚಿತ್ರಗಳನ್ನೂ ಸರ್ವರಿನ ಆರೋಗ್ಯ ವಿಚಾರಿಸುವ ಸ್ವಯಂಚಾಲಿತ ವಿನಂತಿಗಳನ್ನೂ ಬಿಟ್ಟು ಬೇರೇನನ್ನೂ ತೆಗೆಯುವುದಿಲ್ಲ.

ಇನ್ನು ಎರರ್ ಲಾಗ್. ಇದರ ಮಟ್ಟಗಳು ಎಮರ್ಜೆನ್ಸಿಯಿಂದ ಶುರುವಾಗಿ ಅಲರ್ಟ್, ಕ್ರಿಟಿಕಲ್, ಎರರ್, ವಾರ್ನ್, ನೋಟಿಸ್, ಇನ್ಫೋ, ಡೀಬಗ್ ಎಂದು ಇಳಿಯುತ್ತವೆ. ಅವುಗಳ ಕೆಳಗೆ ಟ್ರೇಸ್ 1ರಿಂದ 8ರವರೆಗೆ ಇನ್ನೂ ಸೂಕ್ಷ್ಮವಾದ ಮಟ್ಟಗಳಿವೆ. ನೀವು ಯಾವುದನ್ನು ಆರಿಸುತ್ತೀರೋ ಅದೂ ಅದಕ್ಕಿಂತ ಗಂಭೀರವಾದುವೂ ದಾಖಲಾಗುತ್ತವೆ. ಮೂಲತಃ ಇರುವ ಮಟ್ಟ ವಾರ್ನ್, ಮತ್ತು ಅದನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಒತ್ತಾಯ. ಎರರ್‌ಗೆ ಬದಲಿಸಿದರೆ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ) ಪ್ರಮಾಣಪತ್ರದಲ್ಲಿರುವ ಹೆಸರು ಸರ್ವರಿನ ಹೆಸರಿಗೆ ಹೊಂದುತ್ತಿಲ್ಲ ಎಂಬಂಥ ಮುನ್ಸೂಚನೆಗಳು ಕಾಣದೆ ಹೋಗುತ್ತವೆ, ಉಳಿಯುವ ಜಾಗವೋ ನಗಣ್ಯ. ಲಾಗ್ ಸಾಮಾನ್ಯ ಕಡತಕ್ಕೆ ಹೋಗುತ್ತಿದ್ದರೆ ನೋಟಿಸ್ ಮಟ್ಟದ ಸಂದೇಶಗಳನ್ನು ಅಪಾಚೆ ಯಾವ ಕಾರಣಕ್ಕೂ ಬರೆಯದೆ ಬಿಡುವುದಿಲ್ಲ. ಇದು ನಮ್ಮ ಕಡೆಗೆ ಅನುಕೂಲವೇ: ರಾತ್ರಿ ಕರೆಂಟು ಹೋಗಿ ಯುಪಿಎಸ್ ಕೂಡ ಕೈಕೊಟ್ಟಿದ್ದರೆ, ಸರ್ವರು ಮತ್ತೆ ಎದ್ದದ್ದು ಎಷ್ಟು ಗಂಟೆಗೆ ಎಂಬುದು ಅಲ್ಲಿ ಬರೆದಿರುತ್ತದೆ.

ಡೀಬಗ್ ಬೇಕೇ ಬೇಕಾದಾಗ ಇಡೀ ಸರ್ವರಿಗೆ ಹಚ್ಚಬೇಡಿ. 2.4ರಲ್ಲಿ ಒಂದೊಂದು ಮಾಡ್ಯೂಲಿಗೂ (ಅಪಾಚೆಯ ಒಂದೊಂದು ಕೆಲಸದ ಬಿಡಿಭಾಗಕ್ಕೂ) ಬೇರೆ ಮಟ್ಟ ಕೊಡಬಹುದು: ಲಾಗ್‌ಲೆವೆಲ್ ಎಂದ ಮೇಲೆ ವಾರ್ನ್, ಒಂದು ಖಾಲಿ ಜಾಗ ಬಿಟ್ಟು ಎಸ್‌ಎಸ್‌ಎಲ್, ಕೋಲನ್, ಡೀಬಗ್ ಎಂದು ಬರೆದರೆ ಉಳಿದದ್ದೆಲ್ಲ ವಾರ್ನ್‌ನಲ್ಲೇ ಇದ್ದು ಎಸ್‌ಎಸ್‌ಎಲ್ ಒಂದೇ ಬಾಯಿಬಿಡುತ್ತದೆ. ಯುಆರ್‌ಎಲ್ ಬದಲಾಯಿಸುವ ನಿಯಮಗಳನ್ನು ದಾಖಲಿಸಲು ಹಳೆಯ ಆವೃತ್ತಿಗಳಲ್ಲಿದ್ದ ರೀರೈಟ್‌ಲಾಗ್ ಈಗಿಲ್ಲ; ಅದರ ಬದಲು ರೀರೈಟ್ ಮಾಡ್ಯೂಲಿಗೆ ಟ್ರೇಸ್ 3ರಂಥ ಮಟ್ಟ ಕೊಡುತ್ತೇವೆ. ಮಟ್ಟವನ್ನು ಒಂದು ಡೈರೆಕ್ಟರಿಗೆ ಮಾತ್ರ ಸೀಮಿತಗೊಳಿಸಲೂ ಬರುತ್ತದೆ, ಆದರೆ ವಿನಂತಿ ಆ ಡೈರೆಕ್ಟರಿಗೆ ಸೇರಿದ್ದೆಂದು ತಿಳಿದ ಮೇಲಿನ ಸಂದೇಶಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಸಂಪರ್ಕದ ಹಂತದ ತೊಂದರೆಗೆ ಉಪಯೋಗವಿಲ್ಲ.

ನಿಮ್ಮ ಎರಡನೆಯ ತೊಂದರೆಗೆ ಮಟ್ಟದಿಂದ ಪರಿಹಾರ ಸಿಗುವುದಿಲ್ಲ, ಫಾರ್ಮ್ಯಾಟಿನಿಂದ, ಅಂದರೆ ಪ್ರತಿ ಸಾಲಿನಲ್ಲಿ ಏನೇನು ಬರೆಯಬೇಕೆಂಬ ನಮೂನೆಯಿಂದ ಸಿಗುತ್ತದೆ. ಬಹುತೇಕರು ಬಳಸುವ ಕಂಬೈನ್ಡ್ ಫಾರ್ಮ್ಯಾಟಿನಲ್ಲಿ ಯಾರು, ಯಾವಾಗ, ಏನು ಕೇಳಿದರು, ಉತ್ತರದ ಸಂಖ್ಯೆ ಯಾವುದು, ಎಷ್ಟು ಬೈಟ್ ಎಂಬುದೆಲ್ಲ ಇದೆ, ಎಷ್ಟು ಹೊತ್ತು ಹಿಡಿಯಿತು ಎಂಬುದೇ ಇಲ್ಲ. ಫಾರ್ಮ್ಯಾಟಿನ ಸಂಕೇತಗಳೆಲ್ಲ ಶೇಕಡಾ ಚಿಹ್ನೆಯಿಂದ ಶುರುವಾಗುತ್ತವೆ, ಹಾಗಾಗಿ ಮುಂದಿನ ಅಕ್ಷರವನ್ನಷ್ಟೇ ಹೇಳುತ್ತೇನೆ. ಕ್ಯಾಪಿಟಲ್ ಡಿ ಹಾಕಿದರೆ ವಿನಂತಿಗೆ ಹಿಡಿದ ಒಟ್ಟು ಸಮಯ ಮೈಕ್ರೊಸೆಕೆಂಡುಗಳಲ್ಲಿ ಬರುತ್ತದೆ. ಲಾಗ್‌ಐಒ ಮಾಡ್ಯೂಲನ್ನು ಲೋಡ್ ಮಾಡಿ, ಲಾಗ್‌ಐಒಟ್ರ್ಯಾಕ್‌ಟಿಟಿಎಫ್‌ಬಿ ಎಂಬುದನ್ನು ಆನ್ ಮಾಡಿ, ಕ್ಯಾರೆಟ್ (^) ಚಿಹ್ನೆಯ ನಂತರ ಕ್ಯಾಪಿಟಲ್ ಎಫ್‌ಬಿ ಬರೆದರೆ, ವಿನಂತಿ ಬಂದಲ್ಲಿಂದ ಉತ್ತರದ ಮೊದಲ ಬೈಟ್ ಹೊರಡುವವರೆಗಿನ ಸಮಯವೂ ಸಿಗುತ್ತದೆ, ಇದಕ್ಕೆ 2.4.13 ಅಥವಾ ಅದರ ನಂತರದ ಆವೃತ್ತಿ ಬೇಕು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಓದಿ. ರಾಶಿ, ಚಾಲಿ, ಬೆಟ್ಟೆ ಅಡಿಕೆಗಳ ವಾರದ ದರ ಇರುವ ದೊಡ್ಡ ಪಿಡಿಎಫ್ ಒಂದನ್ನು ಯಾರೋ ಕೇಳಿದ ಸಾಲಿನಲ್ಲಿ ಒಟ್ಟು ಸಮಯ 94,00,000 ಎಂದೂ ಮೊದಲ ಬೈಟಿನ ಸಮಯ 1,80,000 ಎಂದೂ ಇದೆ ಎನ್ನಿ. ಸರ್ವರು ಕಾಲು ಸೆಕೆಂಡಿನೊಳಗೆ ಉತ್ತರ ಶುರುಮಾಡಿದೆ, ಉಳಿದ ಒಂಬತ್ತು ಸೆಕೆಂಡು ಆ ಸದಸ್ಯರ ಮೊಬೈಲ್ ಸಿಗ್ನಲ್‌ಗೆ ಹೋಗಿದೆ. ಮೊದಲ ಬೈಟಿಗೇ 90 ಲಕ್ಷ ಮೈಕ್ರೊಸೆಕೆಂಡು ಹಿಡಿದಿದ್ದರೆ ಡೇಟಾಬೇಸನ್ನು ವಿಚಾರಿಸಬೇಕು. ಎರಡು ಎಚ್ಚರಿಕೆಗಳಿವೆ. ಉತ್ತರ ಚಿಕ್ಕದಿದ್ದರೆ ಅದು ಕರ್ನಲ್ ಬಫರಿನಲ್ಲೇ (ಲಿನಕ್ಸ್‌ನ ತಾತ್ಕಾಲಿಕ ಸ್ಮೃತಿಯಲ್ಲೇ) ಕುಳಿತು ಅಪಾಚೆಯ ಮಟ್ಟಿಗೆ ಕೆಲಸ ಬೇಗ ಮುಗಿದಂತೆ ಕಾಣುತ್ತದೆ, ಹೀಗಾಗಿ ನಿಧಾನದ ನೆಟ್‌ವರ್ಕ್ ಲೆಕ್ಕಕ್ಕೆ ಸಿಗುವುದಿಲ್ಲ. ಸದಸ್ಯರು ಫೋಟೊ ಅಪ್‌ಲೋಡ್ ಮಾಡುತ್ತಿದ್ದರೆ, ಅದು ಪೂರ್ತಿ ಬರುವವರೆಗೆ ಅಪ್ಲಿಕೇಶನ್ ಕಾಯುವುದರಿಂದ ಮೊದಲ ಬೈಟಿನ ಸಮಯವೂ ಹಿಗ್ಗುತ್ತದೆ.

ಆಕ್ಸೆಸ್ ಲಾಗ್‌ಗೆ ಕ್ಯಾಪಿಟಲ್ ಎಲ್ ಸಂಕೇತವನ್ನೂ ಸೇರಿಸಿ, ಎರರ್‌ಲಾಗ್‌ಫಾರ್ಮ್ಯಾಟ್‌ನಲ್ಲೂ ಅದನ್ನೇ ಹಾಕಿ. ಆಗ ದೋಷ ಕಂಡ ವಿನಂತಿಗೆ ಎರಡೂ ಕಡತಗಳಲ್ಲಿ ಒಂದೇ ಗುರುತು ಬೀಳುತ್ತದೆ, ಸಮಯ ಹೊಂದಿಸಿ ಊಹಿಸುವ ಕೆಲಸ ತಪ್ಪುತ್ತದೆ. ಸರ್ವರಿನ ಮುಂದೆ ಪ್ರಾಕ್ಸಿ (ವಿನಂತಿಗಳನ್ನು ದಾಟಿಸುವ ಮಧ್ಯವರ್ತಿ ಸರ್ವರು) ಇದ್ದರೆ ರಿಮೋಟ್‌ಐಪಿ ಮಾಡ್ಯೂಲ್ ಹಚ್ಚಿ, ಕೇಳಿದವರ ವಿಳಾಸಕ್ಕೆ ಸಣ್ಣ ಎಚ್ ಬದಲು ಸಣ್ಣ ಎ ಬಳಸಿ.

ಸದಸ್ಯರ ಮೊಬೈಲ್ ಸಂಖ್ಯೆ ಅಥವಾ ಖಾತೆ ಸಂಖ್ಯೆ ನಿಮ್ಮ ಯುಆರ್‌ಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುತ್ತಿದೆಯೇ ಎಂದು ದಯವಿಟ್ಟು ನೋಡಿ. ಆರ್ ಸಂಕೇತ ವಿನಂತಿಯ ಇಡೀ ಮೊದಲ ಸಾಲನ್ನು ಹಾಗೆಯೇ ಬರೆಯುತ್ತದೆ, ಅಂದರೆ ಲಾಗ್ ಓದುವವರಿಗೆಲ್ಲ ಅದು ಸಿಗುತ್ತದೆ. ಅದರ ಬದಲು ಎಂ, ಕ್ಯಾಪಿಟಲ್ ಯು, ಕ್ಯಾಪಿಟಲ್ ಎಚ್ ಮೂರನ್ನು ಬಳಸಿದರೆ ವಿಧಾನ, ಹಾದಿ, ಪ್ರೋಟೊಕಾಲ್ ಮಾತ್ರ ಉಳಿಯುತ್ತವೆ. ಅದೇ ಸಂಖ್ಯೆ ಮುಂದಿನ ವಿನಂತಿಯ ರೆಫರರ್‌ನಲ್ಲಿ (ಯಾವ ಪುಟದಿಂದ ಬಂದರೆಂಬ ವಿವರದಲ್ಲಿ) ಮತ್ತೆ ಇಣುಕುತ್ತದೆ, ಆದ್ದರಿಂದ ಅದನ್ನೂ ಫಾರ್ಮ್ಯಾಟಿನಿಂದ ಬಿಡಿ. ಸದಸ್ಯರು ನಂಬಿ ಕೊಟ್ಟ ಮಾಹಿತಿ ಲಾಗ್ ಕಡತದಲ್ಲಿ ಬಿದ್ದಿರಬಾರದು.

ಡಿಸ್ಕ್ ತುಂಬಿತೆಂದು ಹಳೆಯ ಲಾಗ್ ಅಳಿಸಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಗಡಿಯಾರವನ್ನೂ ಎನ್‌ಟಿಪಿ (ನೆಟ್‌ವರ್ಕಿನಿಂದ ಸಮಯ ಪಡೆಯುವ ವಿಧಾನ) ಮೂಲಕ ಸರಿಹೊಂದಿಸಿಟ್ಟುಕೊಳ್ಳಬೇಕು. ಲಾಗ್ ಕಡತಗಳನ್ನು ಕಾಲಕಾಲಕ್ಕೆ ಬದಲಿಸುವ ಲಾಗ್‌ರೊಟೇಟ್ ತಂತ್ರಾಂಶದಲ್ಲಿ ದಿನಕ್ಕೊಂದು ಕಡತ, 180 ಪ್ರತಿ, ಸಂಕುಚನ ಎಂದು ಹೊಂದಿಸಿ. ಅಕ್ಷರರೂಪದ ಲಾಗ್ ಚೆನ್ನಾಗಿ ಕುಗ್ಗುತ್ತದೆ. ಅಪಾಚೆ ತೆರೆದಿಟ್ಟುಕೊಂಡಿರುವ ಕಡತವನ್ನು ಕೈಯಾರೆ ಅಳಿಸಿದರೂ ಅದು ಮತ್ತೆ ಲೋಡ್ ಆಗುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ.

ಬದಲಾವಣೆ ಮಾಡಿದ ಮೇಲೆ ಮೊದಲು ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಎಂಬ ಪರೀಕ್ಷೆಯ ಆದೇಶ, ಅದು ಸರಿ ಎಂದ ಮೇಲೆ ಅಪಾಚೆಸಿಟಿಎಲ್ ಗ್ರೇಸ್‌ಫುಲ್ ಕೊಡಿ. ಗ್ರೇಸ್‌ಫುಲ್ ಆದ್ದರಿಂದ ಆ ಹೊತ್ತಿನಲ್ಲಿ ದರಪಟ್ಟಿ ಇಳಿಸಿಕೊಳ್ಳುತ್ತಿರುವವರ ಸಂಪರ್ಕ ಕಡಿಯುವುದಿಲ್ಲ.